ನಾವು ಕೇಳಿ ಬೆಳೆದ ಶಂಕರ್ ನಾಗ್

ದೊಡ್ಡವರ ಜೀವನಚರಿತ್ರೆಗಳನ್ನು ನಾವು ಸಾಮಾನ್ಯವಾಗಿ ಪುಸ್ತಕಗಳಲ್ಲಿ ಓದಿ ತಿಳಿಯುತ್ತೇವೆ. ಎಲ್ಲೋ ಕೆಲವರದನ್ನು ಮಾತ್ರ ಓದುವುದಕ್ಕೆ ಮೊದಲೇ ಕಿವಿಯಿಂದ ಕೇಳಿರುತ್ತೇವೆ. ದಿವಂಗತ ಶಂಕರ್ ನಾಗ್ ಅವರು ನನ್ನ ಪಾಲಿಗೆ ಅಂತಹವರಲ್ಲೊಬ್ಬರು. ನಾನು ಹುಟ್ಟುವುದಕ್ಕೆ ಹದಿನೈದು ವರ್ಷ ಮುಂಚೆಯೇ ಅವರು ತೀರಿಕೊಂಡಿದ್ದರು. ಆದರೂ ಪೀಣ್ಯದ ನಮ್ಮ ಬೀದಿಯಲ್ಲಿ ನಾನು ಅಕ್ಷರ ಕಲಿಯುವ ಮೊದಲು ಅವರ ಚಿತ್ರಗಳ ಹಾಡುಗಳನ್ನು ಕಲಿತಿದ್ದೆ. ಆ ಹಾಡುಗಳನ್ನು ಬರೆದವರು ಬೇರೆ, ರಾಗ ಹಾಕಿದವರು ಬೇರೆ, ಹಾಡಿದವರೂ ಬೇರೆ. ಆದರೆ ನಮ್ಮ ಕಡೆ ಅದನ್ನೆಲ್ಲ ಯಾರೂ ವಿಚಾರಿಸುವುದಿಲ್ಲ. ಅವು ಶಂಕರಣ್ಣನ ಹಾಡುಗಳು, ಅಷ್ಟೆ. ಬಲ್ಲವರಿಗೆ ಈ ಬರಹದಲ್ಲಿ ಹೊಸದೇನೂ ಕಾಣದಿರಬಹುದು. ನನಗಾದರೋ, ಕೇಳಿದ್ದನ್ನೂ ಓದಿದ್ದನ್ನೂ ಒಂದು ಕಡೆ ಇಟ್ಟು ನೋಡಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು.

ಶಂಕರ್ ನಾಗ್ ಅವರು ಜನಿಸಿದುದು ೧೯೫೪ನೆಯ ಇಸವಿ ನವೆಂಬರ್ ೯ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಮನೆಯ ಮಾತು ಕೊಂಕಣಿ. ಅಣ್ಣ ಅನಂತ್ ನಾಗ್ ಅವರು ಇವರಿಗಿಂತ ಆರು ವರ್ಷ ದೊಡ್ಡವರು. ಶಂಕರ್ ಅವರು ತಾರುಣ್ಯದಲ್ಲಿ ಮುಂಬಯಿ ಸೇರಿ ಅಲ್ಲಿನ ಮರಾಠಿ ರಂಗಭೂಮಿಯಲ್ಲಿ ತೊಡಗಿಕೊಂಡರು. ನಾಟಕದ ತಾಲೀಮುಗಳ ನಡುವೆಯೇ ಅರುಂಧತಿ ರಾವ್ ಅವರ ಪರಿಚಯವಾಗಿ ಅದು ಮುಂದೆ ವಿವಾಹದಲ್ಲಿ ಮುಗಿಯಿತು. ಕನ್ನಡದ ಚಿತ್ರರಂಗಕ್ಕೆ ಅವರನ್ನು ಕರೆತಂದವರು ಗಿರೀಶ ಕಾರ್ನಾಡರು. ೧೯೭೮ರಲ್ಲಿ ಅವರು ನಿರ್ದೇಶಿಸಿದ 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ ಶಂಕರ್ ಗಂಡುಗಲಿ ಎಂಬ ಕೂಲಿ ಸೈನಿಕನ ಪಾತ್ರ ವಹಿಸಿದರು. ಮೊದಲ ಪಾತ್ರ! ಅದಕ್ಕೇ ೧೯೭೯ರ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಪ್ರಶಸ್ತಿಯೂ ಬಂದಿತು. ಇಪ್ಪತ್ತೈದು ತುಂಬದ ತರುಣನಿಗೆ ಇದು ಸಾಮಾನ್ಯವಾದ ಮಾತಲ್ಲ.

ಅಂತಹ ಪ್ರಶಸ್ತಿ ಪಡೆದ ನಟರು ಮುಂದೆ ಯಾವ ದಾರಿ ಹಿಡಿಯುತ್ತಾರೆಂಬುದನ್ನು ಊಹಿಸುವುದು ಕಷ್ಟವಲ್ಲ. ಗಂಭೀರ ಚಿತ್ರಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಂಡು, ವಿಚಾರವಂತರ ಮೆಚ್ಚುಗೆಗೆ ಪಾತ್ರರಾಗಿ ಉಳಿಯುತ್ತಾರೆ. ಶಂಕರ್ ಹಾಗೆ ಮಾಡಲಿಲ್ಲ. ೧೯೮೦ರಲ್ಲಿ ಅವರು ಒಂದು ಕಡೆ 'ಮಿಂಚಿನ ಓಟ'ವನ್ನು ತಾವೇ ನಿರ್ದೇಶಿಸಿದರು. ಅದೇ ವರ್ಷ ವಿಜಯ್ ಅವರ ನಿರ್ದೇಶನದ 'ಆಟೋ ರಾಜ'ದಲ್ಲಿ ಖಾಕಿ ಅಂಗಿ ತೊಟ್ಟು ಆಟೋ ಓಡಿಸುವವನಾಗಿ ನಿಂತರು. ಮೊದಲನೆಯದನ್ನು ವಿಮರ್ಶಕರು ಹೊಗಳಿದರು. ಎರಡನೆಯದನ್ನು ಬೆಂಗಳೂರಿನ ಆಟೋ ಚಾಲಕರು ತಮ್ಮದೆಂದು ಎತ್ತಿಕೊಂಡುಬಿಟ್ಟರು. ಮೈಸೂರಿನ ಸೋದರರಾದ ರಾಜನ್-ನಾಗೇಂದ್ರ ಅದಕ್ಕೆ ಸಂಗೀತ ನೀಡಿದ್ದರು. ನಮ್ಮ ಸೋದರಮಾವ ಆಟೋ ಓಡಿಸುವವರು. ಅವರು ಆಟೋ ಕೊಂಡ ದಿನ ಹಿಂಬದಿಯ ಹೊದಿಕೆಯ ಮೇಲೆ ಮೊದಲು ಬರೆಸಿದುದು ಶಂಕರ್ ಅವರ ಮುಖವನ್ನು. ಮನೆದೇವರ ಹೆಸರನ್ನು ಅದರ ಮಗ್ಗುಲಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆಸಿದರು. ಅಜ್ಜಿ ಇದಕ್ಕೆ ಕೋಪಿಸಿಕೊಂಡಿದ್ದರಂತೆ.

ಇಲ್ಲಿ ನಮ್ಮ ಊರಿನ ವಿಷಯ ಸ್ವಲ್ಪ ಹೇಳಬೇಕು. ಊರೆಂದರೆ ಊರಲ್ಲ, ಕಾರ್ಖಾನೆಗಳ ನಡುವಿನ ಬೀದಿ. ನನ್ನ ತಂದೆ ಶಿರಾ ತಾಲ್ಲೂಕಿನ ಮಳೆಯಿಲ್ಲದ ಹೊಲವನ್ನು ಬಿಟ್ಟು ೧೯೯೪ರಲ್ಲಿ ಪೀಣ್ಯಕ್ಕೆ ಬಂದು ಲೇತ್ ಯಂತ್ರದ ಕೆಲಸಕ್ಕೆ ಸೇರಿದರು. ಒಂದು ಕೋಣೆಯಲ್ಲಿ ಐದು ಜನ. ಇಬ್ಬರು ಹಗಲು ಪಾಳಿ, ಮೂವರು ರಾತ್ರಿ ಪಾಳಿ. ಐವರೂ ಸೇರಿ ಹಣ ಹಾಕಿ ಒಂದು ಹಳೆಯ ಟೇಪ್ ರೆಕಾರ್ಡರ್ ಕೊಂಡಿದ್ದರು. ಮಲಗಿದವರಿಗೆ ತೊಂದರೆಯಾಗದಂತೆ ಅದರ ಧ್ವನಿಯನ್ನು ಇಳಿಸಿ, ಕಿವಿಯನ್ನು ಅದಕ್ಕೇ ಹಚ್ಚಿ ಕೇಳಬೇಕಾಗಿತ್ತು. ಕ್ಯಾಸೆಟ್ಟಿನ ಸುರುಳಿ ಸಿಕ್ಕಿಕೊಂಡರೆ ಪೆನ್ನು ತೂರಿಸಿ ಸುತ್ತುವುದು. ಇದ್ದ ಏಳೆಂಟು ಕ್ಯಾಸೆಟ್ಟುಗಳಲ್ಲಿ ಹೆಚ್ಚು ಸವೆದುದು 'ಗೀತಾ'. ನನ್ನ ತಂದೆ ಬೆಂಗಳೂರಿಗೆ ಕಾಲಿಟ್ಟಾಗ ಶಂಕರ್ ನಾಗ್ ಸತ್ತು ನಾಲ್ಕು ವರ್ಷವಾಗಿತ್ತು. ಅವರು ಹುಚ್ಚು ಹಿಡಿದಂತೆ ಅಭಿಮಾನಿಸಿದುದು ಇಲ್ಲದ ಮನುಷ್ಯನನ್ನು. ಇದು ನನಗೆ ಈಗಲೂ ವಿಚಿತ್ರವಾಗಿ ಕಾಣುತ್ತದೆ.

'ಗೀತಾ' ತೆರೆಗೆ ಬಂದುದು ೧೯೮೧ರಲ್ಲಿ. ನಿರ್ದೇಶಕರೂ ನಾಯಕರೂ ಶಂಕರ್ ಅವರೇ. ಸಂಗೀತ ಇಳಯರಾಜಾ. ರಕ್ತದ ಕ್ಯಾನ್ಸರಿಗೆ ತುತ್ತಾದ ಹುಡುಗಿಯೊಬ್ಬಳ ಕಥೆ ಅದು. ಆದರೆ ಆ ಚಿತ್ರದ ಹೆಸರೆತ್ತಿದರೆ ಜನ ನೆನೆಯುವುದು 'ಸಂತೋಷಕ್ಕೆ' ಎಂಬ ಕುಣಿತದ ಹಾಡನ್ನು. ಚಿ. ಉದಯಶಂಕರ್ ಬರೆದು, ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಹಾಡು. ಅದರೊಳಗಿನ ಡ್ರಮ್ಮಿನ ಪೆಟ್ಟು, ಗಿಟಾರಿನ ಮಿಡಿತ, ಪಾಶ್ಚಾತ್ಯ ಡಿಸ್ಕೋ ನೃತ್ಯದ ನಡೆ ಆಗಿನ ಕನ್ನಡದ ಕಿವಿಗೆ ಹೊಸದು. ಪ್ರೆಸ್ ಯಂತ್ರಗಳ ಒಂದೇ ಸಮನಾದ ಬಡಿತದ ನಡುವೆ ಹನ್ನೆರಡು ಗಂಟೆ ನಿಂತು ಬಂದವನಿಗೆ ಅದೇ ಬಡಿತ ಹಾಡಾಗಿ ಕೇಳಿದರೆ ಹೇಗಿರಬೇಡ! ಯಂತ್ರದ ಸದ್ದಿಗೆ ಮೈ ಒಗ್ಗಿದವರಿಗೆ ಆ ಹಾಡು ಬೇಗ ಹತ್ತುತ್ತದೆಂದು ತಂದೆಯ ಕೋಣೆಯವರೊಬ್ಬರು ನನಗೆ ಹೇಳಿದ್ದಾರೆ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಈ ಹಾಡು ಬರುವವರೆಗೂ ಪೀಣ್ಯದ ಜನ ಕದಲುತ್ತಿರಲಿಲ್ಲ. ಹಾಡು ಮುಗಿದೊಡನೆ ಅರ್ಧ ಮೈದಾನ ಖಾಲಿ. ರಾತ್ರಿ ಪಾಳಿಯವರು ಕೆಲಸಕ್ಕೆ ಓಡಬೇಕಲ್ಲ?

ನನ್ನ ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸದಲ್ಲಿದ್ದವರು. ಅವರಿಗೆ ಕುಣಿತದ ಹಾಡು ಅಷ್ಟಾಗಿ ಹಿಡಿಸದು. ಅದೇ ಚಿತ್ರದ 'ಜೊತೆಯಲಿ' ಎಂಬ ಯುಗಳ ಗೀತೆಯನ್ನು ಅವರು ಗುನುಗುತ್ತಾರೆ. ಆ ರಾಗ ೨೦೦೭ರಲ್ಲಿ 'ಚೀನಿ ಕಮ್' ಎಂಬ ಹಿಂದಿ ಚಿತ್ರದಲ್ಲಿ ಮತ್ತೆ ಬಳಕೆಯಾಯಿತು. ಹೊಲಿಗೆಯ ಸಾಲಿನಲ್ಲಿ ಪಕ್ಕ ಕುಳಿತಿದ್ದ ಬಿಹಾರದ ಹೆಂಗಸೊಬ್ಬರು ಅದನ್ನು ಹಿಂದಿಯ ಹಾಡೆಂದೇ ವಾದಿಸಿದಾಗ ನನ್ನ ತಾಯಿ ಒಂದು ವಾರ ಅವರೊಡನೆ ಮಾತು ಬಿಟ್ಟಿದ್ದರು. ಶಂಕರ್ ಅವರ ನಿರ್ದೇಶನದ ಇನ್ನೊಂದು ಚಿತ್ರ ೧೯೮೦ರ 'ಜನ್ಮ ಜನ್ಮದ ಅನುಬಂಧ'. ಅದಕ್ಕೂ ಇಳಯರಾಜಾ ಅವರದೇ ಸಂಗೀತ. ಅದು ಪುನರ್ಜನ್ಮದ ಕಥೆ. ಎಸ್. ಜಾನಕಿಯವರು ಅದರಲ್ಲಿ ಹಾಡಿರುವ 'ತಂಗಾಳಿಯಲ್ಲಿ' ಎಂಬ ಹಾಡಂತೂ ಕತ್ತಲೆಯಲ್ಲಿ ಯಾರೋ ದೂರದಿಂದ ಕರೆಯುತ್ತಿರುವಂತೆ ಇದೆ. ರಾತ್ರಿ ಪಾಳಿ ಮುಗಿಸಿ ಒಂಟಿಯಾಗಿ ಬರುತ್ತಿದ್ದ ಹೊತ್ತಿನಲ್ಲಿ ಎಲ್ಲಿಂದಲೋ ಅದು ಕೇಳಿಸಿದರೆ ನನ್ನ ತಂದೆ ಹೆಜ್ಜೆ ಬಿರುಸು ಮಾಡುತ್ತಿದ್ದರಂತೆ. ಆದರೂ ಅದರ ಕ್ಯಾಸೆಟ್ಟನ್ನು ಯಾರಿಗೂ ಎರವಲು ಕೊಡುತ್ತಿರಲಿಲ್ಲ.

ವೈಟ್‌ಫೀಲ್ಡಿನಿಂದ ಬರುವ ನನ್ನ ಸಹಪಾಠಿಯೊಬ್ಬನಿದ್ದಾನೆ. ಮೈಮೇಲೆ ಯಾವಾಗಲೂ ಕಪ್ಪು ಅಂಗಿ, ಕಿವಿಯಲ್ಲಿ ಯಾವಾಗಲೂ ಇಂಗ್ಲಿಷ್ ಸಂಗೀತ. ಗಾಥ್ ಎಂದು ಕರೆಯುವ ಆ ವಿಷಾದದ ಸಂಗೀತವನ್ನು ಅವನು ನನಗೂ ಕೇಳಿಸಿದ. ಅದರ ಹಿರಿಯರ ಸಾಲಿನಲ್ಲಿ ಜಾಯ್ ಡಿವಿಷನ್ ಎಂಬ ವಾದ್ಯಗೋಷ್ಠಿಯನ್ನು ಎಣಿಸುತ್ತಾರೆ. ಅದು ಹತ್ತಿಯ ಗಿರಣಿಗಳಿಗೆ ಹೆಸರಾಗಿದ್ದ ಮ್ಯಾಂಚೆಸ್ಟರಿನದು. ಅದರ ಗಾಯಕ ಇಯಾನ್ ಕರ್ಟಿಸ್ ೧೯೮೦ರಲ್ಲಿ, ಇನ್ನೂ ಇಪ್ಪತ್ತಮೂರರ ಪ್ರಾಯದಲ್ಲಿ, ತೀರಿಕೊಂಡ. ಉಳಿದವರು ನ್ಯೂ ಆರ್ಡರ್ ಎಂಬ ಹೊಸ ಹೆಸರಿನಲ್ಲಿ ಎಲೆಕ್ಟ್ರಾನಿಕ್ ವಾದ್ಯಗಳತ್ತ ತಿರುಗಿ, ಅಳುವಿನೊಡನೆ ಕುಣಿತವನ್ನೂ ಬೆರೆಸಿದರು. ಇದೆಲ್ಲ ತನ್ನಂಥವರಿಗಷ್ಟೇ ತಿಳಿಯುವ ಸಂಗೀತವೆಂದು ಮಿತ್ರನ ನಂಬಿಕೆ. ಸಾವಿನ ಕಥೆಯೊಳಗೆ ಕುಣಿತದ ಹಾಡನ್ನು ಇಟ್ಟ 'ಗೀತಾ' ಅದೇ ಕಾಲದ್ದೆಂದೂ, ಸತ್ತ ಕಲಾವಿದನನ್ನು ಹಾಡಿನ ಮೂಲಕ ಹಿಡಿದುಕೊಂಡ ಜನ ಮ್ಯಾಂಚೆಸ್ಟರಿನಲ್ಲಿ ಇರುವಂತೆ ಪೀಣ್ಯದಲ್ಲಿಯೂ ಇದ್ದಾರೆಂದೂ ನಾನು ಹೇಳಿದೆ. ಅವನು ಒಪ್ಪಿದನೋ ಇಲ್ಲವೋ ತಿಳಿಯದು. 'ತಂಗಾಳಿಯಲ್ಲಿ'ಯನ್ನು ಮಾತ್ರ ತನ್ನ ಫೋನಿಗೆ ಹಾಕಿಸಿಕೊಂಡ.

ಶಂಕರ್ ಅವರ ವಿಷಯದಲ್ಲಿ ಹಾಡಿನ ಮಾತು ಬರಿಯ ಅಭಿಮಾನದ ಮಾತಲ್ಲ. ಆ ಕಾಲದಲ್ಲಿ ಕನ್ನಡ ಚಿತ್ರಗಳ ಹಾಡುಗಳ ಧ್ವನಿಮುದ್ರಣಕ್ಕೆ ಬಹುಮಟ್ಟಿಗೆ ಮದರಾಸನ್ನೇ ಅವಲಂಬಿಸಬೇಕಾಗಿತ್ತು. ವಾದ್ಯಗಾರರು ಅಲ್ಲಿ, ಯಂತ್ರಗಳು ಅಲ್ಲಿ, ತಂತ್ರಜ್ಞರು ಅಲ್ಲಿ. ಕನ್ನಡದ ಹಾಡು ಕನ್ನಡ ನಾಡಿನಲ್ಲಿಯೇ ಮುದ್ರಣವಾಗಲಿ ಎಂಬ ಹಂಬಲದಿಂದ ಶಂಕರ್ ಅವರು ಬೆಂಗಳೂರಿನಲ್ಲಿ ಸಂಕೇತ್ ಎಲೆಕ್ಟ್ರಾನಿಕ್ಸ್ ಎಂಬ ಧ್ವನಿಮುದ್ರಣ ಕೇಂದ್ರವನ್ನು ನೆಲೆಗೊಳಿಸಿದರು. ಸಂಕೇತ್ ಎಂಬುದು ಅವರ ನಾಟಕ ತಂಡದ ಹೆಸರು ಕೂಡ. ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಕೋನಪ್ಪನ ಅಗ್ರಹಾರದ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ್ದರು. ಎಲೆಕ್ಟ್ರಾನಿಕ್ಸ್ ಎಂದರೆ ಕಂಪನಿಗಳ ಮಾತೆಂದು ಎಲ್ಲರೂ ತಿಳಿದಿದ್ದ ದಿನಗಳಲ್ಲಿ ಒಬ್ಬ ನಟ ಆ ಶಬ್ದವನ್ನು ಹಾಡಿನ ಕೆಲಸಕ್ಕೆ ತಂದರು. ನಟರು ಹಣ ಬಂದಾಗ ಮನೆ ಕಟ್ಟಿಸುತ್ತಾರೆ, ತೋಟ ಕೊಳ್ಳುತ್ತಾರೆ. ಇವರು ಯಂತ್ರ ತರಿಸಿದರು. ಕಾರ್ಖಾನೆಯಲ್ಲಿ ದುಡಿಯುವವರ ಮನೆಯಲ್ಲಿ ಬೆಳೆದ ನನಗೆ ಇದು ಅವರ ಎಲ್ಲ ಪ್ರಶಸ್ತಿಗಳಿಗಿಂತ ದೊಡ್ಡದೆಂದು ತೋರುತ್ತದೆ. ಯಂತ್ರ ಇದ್ದಲ್ಲಿ ಕೆಲಸವಿರುತ್ತದೆ. ಇನ್ನೊಬ್ಬರ ಊರಿಗೆ ಹೋಗಿ ಕೈಕಟ್ಟಿ ಕಾಯುವುದು ತಪ್ಪುತ್ತದೆ.

ಇಲ್ಲಿ ಒಂದು ತರ್ಕವನ್ನು ಎತ್ತಬೇಕಾಗಿದೆ. ಶಂಕರ್ ನಾಗ್ ಅವರನ್ನು ಕುರಿತು ಮಾತು ಬಂದಾಗಲೆಲ್ಲ ಕೇಳುವವರು ಇಬ್ಭಾಗವಾಗುತ್ತಾರೆ. ಓದಿದವರು 'ಆಕ್ಸಿಡೆಂಟ್' ಹಾಗೂ 'ಮಾಲ್ಗುಡಿ ಡೇಸ್' ಎನ್ನುತ್ತಾರೆ. ಆಟೋ ಸ್ಟ್ಯಾಂಡಿನವರು 'ಆಟೋ ರಾಜ', 'ಎಸ್. ಪಿ. ಸಾಂಗ್ಲಿಯಾನ' ಎನ್ನುತ್ತಾರೆ. ಮೊದಲಿನವರಿಗೆ ಎರಡನೆಯ ಶಂಕರ್ ಹೊಟ್ಟೆಪಾಡಿಗಾಗಿ ನಟಿಸಿದವರು. ಎರಡನೆಯವರಿಗೆ ಮೊದಲಿನ ಶಂಕರ್ ಇದ್ದುದೇ ಗೊತ್ತಿಲ್ಲ. ನನಗೆ ಈ ವಿಭಾಗ ಸರಿಯೆನಿಸುವುದಿಲ್ಲ. 'ಆಕ್ಸಿಡೆಂಟ್' ಚಿತ್ರವನ್ನೇ ನೋಡಿರಿ. ಪ್ರಭಾವಶಾಲಿ ರಾಜಕಾರಣಿಯ ಮಗನೊಬ್ಬ ಅಮಲಿನಲ್ಲಿ ಕಾರು ಓಡಿಸಿ, ರಸ್ತೆಯ ಬದಿಯಲ್ಲಿ ಮಲಗಿದ್ದ ಬಡವರ ಮೇಲೆ ಹರಿಸುತ್ತಾನೆ. ಪತ್ರಕರ್ತನೊಬ್ಬ ಸತ್ಯವನ್ನು ಬೆನ್ನಟ್ಟುತ್ತಾನೆ. ಆ ಪತ್ರಕರ್ತನ ಪಾತ್ರ ಶಂಕರ್ ಅವರದು, ರಾಜಕಾರಣಿಯದು ಅನಂತ್ ನಾಗ್ ಅವರದು. ೧೯೮೪ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಾಮಾಜಿಕ ಸಮಸ್ಯೆಗಳನ್ನು ಕುರಿತ ಶ್ರೇಷ್ಠ ಚಿತ್ರವೆಂದು ಅದಕ್ಕೆ ಮನ್ನಣೆ ದೊರೆಯಿತು. ಹಳ್ಳಿ ಬಿಟ್ಟು ಬಂದು ರಸ್ತೆಯ ಬದಿಯಲ್ಲಿ ಮಲಗುವ ಜನ ಯಾರು? ಹೊಸದಾಗಿ ಬಂದ ಮೊದಲ ನಾಲ್ಕು ರಾತ್ರಿ ನನ್ನ ತಂದೆಯೂ ತುಮಕೂರು ರಸ್ತೆಯ ಅಂಗಡಿ ಮುಂಗಟ್ಟಿನಲ್ಲಿ ಮಲಗಿದ್ದರು. 'ಆಕ್ಸಿಡೆಂಟ್' ನಮ್ಮಂಥವರ ಕಥೆ. 'ಆಟೋ ರಾಜ'ವೂ ನಮ್ಮಂಥವರ ಕಥೆ. ಒಂದರಲ್ಲಿ ನಾವು ಸಾಯುತ್ತೇವೆ, ಇನ್ನೊಂದರಲ್ಲಿ ಗೆಲ್ಲುತ್ತೇವೆ. ಎರಡನ್ನೂ ಒಬ್ಬನೇ ಮನುಷ್ಯ ಮನಸ್ಸಿಟ್ಟು ಮಾಡಿದರೆ ಅದರಲ್ಲಿ ವಿರೋಧವೇನು?

'ಮಾಲ್ಗುಡಿ ಡೇಸ್' ವಿಷಯ ಎಲ್ಲರಿಗೂ ತಿಳಿದುದೇ. ಆರ್. ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಚಿತ್ರಿಸಿದರು. ೧೯೮೬ರಲ್ಲಿ ಅದು ದೇಶಕ್ಕೆಲ್ಲ ಕಾಣಿಸಿತು. ಅದರ ಆರಂಭದ ಸಂಗೀತ ಎಲ್. ವೈದ್ಯನಾಥನ್ ಅವರದು. ಮಾತಿಲ್ಲದ ಆ ಕೊರಳಿನ ರಾಗವನ್ನು ಹಿಂದಿ ಬಾರದ ನಮ್ಮ ಅಜ್ಜಿಯೂ ಗುರುತಿಸುತ್ತಾರೆ. ಮರುವರ್ಷ ಡಾ. ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿಟ್ಟು 'ಒಂದು ಮುತ್ತಿನ ಕಥೆ' ತೆಗೆದು, ನೀರಿನೊಳಗಿನ ದೃಶ್ಯಗಳನ್ನು ಚಿತ್ರಿಸುವ ಸಾಹಸಕ್ಕೆ ಕೈಹಾಕಿದರು. ಹೀಗೆ ಹನ್ನೆರಡು ವರ್ಷಗಳಲ್ಲಿ ಎಂಬತ್ತಕ್ಕೂ ಮಿಕ್ಕಿ ಚಿತ್ರಗಳಲ್ಲಿ ಅವರು ನಟಿಸಿದರು. ನಡುನಡುವೆ ನಾಟಕಗಳು ಬೇರೆ.

ಇಷ್ಟು ಸಾಲದೆಂಬಂತೆ ಊರಿನ ಚಿಂತೆಯನ್ನೂ ತಲೆಗೆ ಹಚ್ಚಿಕೊಂಡಿದ್ದರು. ಬೆಂಗಳೂರಿಗೆ ಮೆಟ್ರೋ ರೈಲು ಬೇಕೆಂದು ಎಂಬತ್ತರ ದಶಕದಲ್ಲಿಯೇ ಅವರು ಹಂಬಲಿಸಿದ್ದುದೂ, ಅದಕ್ಕಾಗಿ ಓಡಾಡಿದ್ದುದೂ ಪ್ರಸಿದ್ಧವಾಗಿದೆ. ನಂದಿ ಬೆಟ್ಟಕ್ಕೆ ರೋಪ್‌ವೇ, ಬಡವರಿಗೆ ಅಗ್ಗದ ಮನೆ ಮುಂತಾದ ಯೋಜನೆಗಳೂ ಅವರ ತಲೆಯಲ್ಲಿದ್ದುವು. ಆಗ ಇವನ್ನು ಕೇಳಿ ನಕ್ಕವರೂ ಇದ್ದಿರಬೇಕು. ಮೆಟ್ರೋ ಬೆಂಗಳೂರಿನಲ್ಲಿ ಮೊದಲು ಓಡಿದುದು ೨೦೧೧ರಲ್ಲಿ. ಪೀಣ್ಯಕ್ಕೆ ಬಂದುದು ೨೦೧೪ರಲ್ಲಿ, ವೈಟ್‌ಫೀಲ್ಡಿಗೆ ೨೦೨೩ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯನ್ನು ಹಾದು ಬೊಮ್ಮಸಂದ್ರಕ್ಕೆ ೨೦೨೫ರಲ್ಲಿ. ಮೆಟ್ರೋಗೆ ಅವರ ಹೆಸರಿಡಬೇಕೆಂಬ ಕೂಗು ಅಭಿಮಾನಿಗಳಿಂದ ಆಗಾಗ ಕೇಳಿಬರುತ್ತದೆ. ಹೆಸರಿನ ವಿಷಯದಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ನಾನು ಪ್ರತಿದಿನ ಆ ರೈಲಿನಲ್ಲಿಯೇ ಕಾಲೇಜಿಗೆ ಬರುತ್ತೇನೆ. ಒಂದೂವರೆ ಗಂಟೆ ಬಸ್ಸಿನಲ್ಲಿ ನಿಂತು ಬರಬೇಕಾಗಿದ್ದರೆ ನನ್ನಂತಹವನು ಪದವಿಯ ಮೂರನೆಯ ವರ್ಷದವರೆಗೆ ಬರುತ್ತಿದ್ದನೋ ಇಲ್ಲವೋ ಹೇಳಲಾರೆ. ನಮ್ಮ ಮನೆತನದಲ್ಲಿ ಇಷ್ಟು ದೂರ ಬಂದವರು ಬೇರೆ ಯಾರೂ ಇಲ್ಲ.

ಆದರೆ ಅವರ ವೇಗವನ್ನು ಹೊಗಳುವಾಗ ನನಗೆ ಒಂದು ಅಳುಕು. ಹಗಲು ಚಿತ್ರೀಕರಣ, ಸಂಜೆ ನಾಟಕ, ರಾತ್ರಿ ಪ್ರಯಾಣ. ನಿದ್ದೆಯನ್ನು ಅವರು ಲೆಕ್ಕಕ್ಕಿಡುತ್ತಿರಲಿಲ್ಲವೆಂದು ಎಲ್ಲರೂ ಮೆಚ್ಚಿ ಹೇಳುತ್ತಾರೆ. ನಿದ್ದೆಗೆಟ್ಟ ಮನುಷ್ಯರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ರಾತ್ರಿ ಪಾಳಿಯ ಕೊನೆಯ ಗಂಟೆಯಲ್ಲಿ ಪ್ರೆಸ್ ಯಂತ್ರಕ್ಕೆ ಎರಡು ಬೆರಳು ಕೊಟ್ಟವರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ನಿದ್ದೆ ಬಿಡುವುದನ್ನು ಸದ್ಗುಣವೆಂದು ಕೊಂಡಾಡುವುದು ನನ್ನಿಂದಾಗದು. ಅವರು ಇನ್ನೂ ನಿಧಾನವಾಗಿ, ಇನ್ನೂ ಕಡಮೆ ಚಿತ್ರಗಳನ್ನು ಮಾಡಿಕೊಂಡು, ಎಪ್ಪತ್ತು ವರ್ಷ ಬದುಕಿದ್ದರೆ ಕನ್ನಡಕ್ಕೆ ನಷ್ಟವೇನಾಗುತ್ತಿತ್ತು? ಸೋದರಮಾವನಿಗೆ ನನ್ನ ಈ ಮಾತು ಹಿಡಿಸುವುದಿಲ್ಲ. ನಿಧಾನವಾಗಿದ್ದಿದ್ದರೆ ಅವರು ಶಂಕರ್ ನಾಗ್ ಆಗುತ್ತಿರಲಿಲ್ಲವೆಂಬುದು ಅವರ ವಾದ.

೧೯೯೦ನೆಯ ಇಸವಿ ಸೆಪ್ಟೆಂಬರ್ ೩೦ರಂದು ಆ ದುರ್ಘಟನೆ ನಡೆಯಿತು. 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕಾಗಿ ಶಂಕರ್ ಅವರು ಪತ್ನಿಯೊಡನೆಯೂ ಪುಟ್ಟ ಮಗಳೊಡನೆಯೂ ಕಾರಿನಲ್ಲಿ ಹೋಗುತ್ತಿದ್ದರು. ದಾವಣಗೆರೆಯ ಬಳಿಯ ಆನಗೋಡು ಎಂಬಲ್ಲಿ ಅಪಘಾತವಾಗಿ ಶಂಕರ್ ಅಸುನೀಗಿದರು. ತಾಯಿ-ಮಗಳು ಉಳಿದರು. ಅವರಿಗೆ ಆಗ ಮೂವತ್ತಾರು ತುಂಬಿರಲಿಲ್ಲ. ದಾವಣಗೆರೆಯ ಹೆದ್ದಾರಿ ಬೆಂಗಳೂರನ್ನು ಬಿಡುವುದು ಪೀಣ್ಯದ ಮೂಲಕವೇ. ಲಾರಿಗಳು ರಾತ್ರಿಯಿಡೀ ಆ ರಸ್ತೆಯಲ್ಲಿ ಹೋಗುವ ಸದ್ದು ನಮ್ಮ ಮನೆಗೆ ಕೇಳಿಸುತ್ತದೆ. 'ಆಕ್ಸಿಡೆಂಟ್' ಎಂಬ ಚಿತ್ರ ತೆಗೆದವರು ಹಾಗೆ ಸತ್ತುದನ್ನು ಕೆಲವರು ವಿಧಿಯ ಸಂಕೇತವೆಂಬಂತೆ ವರ್ಣಿಸುತ್ತಾರೆ. ನನಗೆ ಅದರಲ್ಲಿ ವಿಧಿ ಕಾಣುವುದಿಲ್ಲ, ರಸ್ತೆ ಕಾಣುತ್ತದೆ.

ಅವರ ನಂತರ ಅರುಂಧತಿ ನಾಗ್ ಅವರು ಬಹಳ ಶ್ರಮಪಟ್ಟು ಜೆ. ಪಿ. ನಗರದಲ್ಲಿ ರಂಗಶಂಕರ ಎಂಬ ರಂಗಮಂದಿರವನ್ನು ಕಟ್ಟಿಸಿದರು. ೨೦೦೪ರಲ್ಲಿ ಅದು ತೆರೆಯಿತು. ನಮ್ಮ ತರಗತಿಯವರು ಕಳೆದ ವರ್ಷ ಅಲ್ಲಿ ನಾಟಕವೊಂದನ್ನು ನೋಡಿ ಬಂದೆವು. ನಮ್ಮೊಡನೆ ನನ್ನ ಸೋದರಮಾವನೂ ಬಂದಿದ್ದರು. ಒಳಗೆ ಕಾಲಿಟ್ಟವರೇ ಚಪ್ಪಲಿ ಬಿಡಬೇಕೇ ಎಂದು ಕೇಳಿದರು. ನಾಟಕದುದ್ದಕ್ಕೂ ಅಲುಗಾಡದೆ ಕುಳಿತಿದ್ದರು. ಹೊರಗೆ ಬಂದ ಮೇಲೆ, ಇದರಲ್ಲಿ ಹಾಡೇ ಇಲ್ಲವಲ್ಲ ಎಂದು ಸ್ವಲ್ಪ ಬೇಸರಪಟ್ಟುಕೊಂಡರು.

ಅವರ ಆಟೋ ಸ್ಟ್ಯಾಂಡಿನಲ್ಲಿ ವರ್ಷಕ್ಕೆ ಎರಡು ಸಾರಿ ಶಂಕರ್ ಅವರ ಚಿತ್ರಕ್ಕೆ ಹಾರ ಬೀಳುತ್ತದೆ. ನವೆಂಬರ್ ೯ರಂದು ಹುಟ್ಟುಹಬ್ಬ. ಆ ದಿನ ಎಲ್ಲರಿಗೂ ಪಲಾವು, ಧ್ವನಿವರ್ಧಕದಲ್ಲಿ 'ಸಂತೋಷಕ್ಕೆ', ಹತ್ತಾರು ಜನರ ಕುಣಿತ. ಈಗಿನ ಚಾಲಕರಲ್ಲಿ ಹೆಚ್ಚಿನವರು ೧೯೯೦ರ ಅನಂತರ ಹುಟ್ಟಿದವರು. ಕಲಬುರಗಿ, ರಾಯಚೂರುಗಳಿಂದ ಬಂದವರೂ ಇದ್ದಾರೆ. ಅವರಿಗೂ ಹಾಡು ಬಾಯಿಪಾಠ. ಸೆಪ್ಟೆಂಬರ್ ೩೦ರಂದು ಮಾತ್ರ ಗದ್ದಲವಿಲ್ಲ. ಅಂದು ಯಾವ ಹಾಡು ಹಾಕಬೇಕೆಂದು ಪ್ರತಿವರ್ಷವೂ ಚರ್ಚೆಯಾಗುತ್ತದೆ. ತರುಣರು ಅಂದೂ 'ಸಂತೋಷಕ್ಕೆ'ಯನ್ನೇ ಹಾಕೋಣವೆನ್ನುತ್ತಾರೆ. ಹಿರಿಯರು ಒಪ್ಪುವುದಿಲ್ಲ. ಕೊನೆಗೆ ಸೋದರಮಾವ ತಮ್ಮ ಆಟೋದಲ್ಲಿ 'ತಂಗಾಳಿಯಲ್ಲಿ'ಯನ್ನು ಒಂದು ಸಾರಿ ಹಾಕುತ್ತಾರೆ. ಅದು ಮುಗಿಯುವವರೆಗೆ ಯಾರೂ ಬಾಡಿಗೆ ಹಿಡಿಯುವುದಿಲ್ಲ.